ಲೆನ್ಸ್ ಇಲ್ಲದ ಕಣ್ಣಿಗೆ ಈಗ ಲೆನ್ಸ್ ಹಾಕಿಸಬಹುದಾ? ಅನುಭವ ಇದ್ದವರು ಹೇಳಿ

ಹೊಳಲ್ಕೆರೆಯಿಂದ:
ಅಪ್ಪಾಜಿಗೆ 67 ವರ್ಷ. ಹೋದ ವರ್ಷ ಬಲಗಣ್ಣಿನ ಪೊರೆ ತೆಗೆಸಿದ್ವಿ. ಆಪರೇಷನ್ ಮಧ್ಯೆ ಲೆನ್ಸ್ ಕೂರುವ ಚೀಲ ಹರಿಯಿತು ಅಂತ ಲೆನ್ಸ್ ಹಾಕದೆ ಕಳಿಸಿದರು. ಈಗ ದಪ್ಪ ಗಾಜಿನ ಕನ್ನಡಕ ಬರೆದುಕೊಟ್ಟಿದ್ದಾರೆ. ಹಾಕಿಕೊಂಡರೆ ಎಲ್ಲ ಎರಡೆರಡು ಕಾಣುತ್ತೆ ಅಂತಾರೆ, ತೋಟಕ್ಕೆ ಹೋಗೋದೇ ಬಿಟ್ಟಿದ್ದಾರೆ. ಮತ್ತೆ ಆಪರೇಷನ್ ಮಾಡಿಸೋಣ್ವಾ? ಯಾವ ಲೆನ್ಸ್ ಒಳ್ಳೆಯದು? ಪ್ಲಾಸ್ಟಿಕ್ಕು ಕಣ್ಣೊಳಗೆ ಕೀವಾಗಲ್ವಾ ಅಂತ ಅವ್ವನ ಭಯ ಬೇರೆ.

ದಾವಣಗೆರೆಯಿಂದ:
ತಮ್ಮಾ, ನಮ್ಮ ಅಮ್ಮನಿಗೂ ಹೀಗೇ ಆಗಿತ್ತು. ಕನ್ನಡಕದ ವಿಷಯದಲ್ಲಿ ಅಪ್ಪಾಜಿಯನ್ನು ಒತ್ತಾಯ ಮಾಡಬೇಡಿ. ಲೆನ್ಸ್ ಇಲ್ಲದ ಕಣ್ಣಿಗೆ ಪ್ಲಸ್ 10ರ ಆಸುಪಾಸಿನ ಗಾಜು ಬೇಕು. ಅದರಲ್ಲಿ ಎಲ್ಲ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತೆ. ಇನ್ನೊಂದು ಕಣ್ಣು ಮಾಮೂಲಿ ಅಳತೆಯಲ್ಲೇ ತೋರಿಸುತ್ತೆ. ಮಿದುಳಿಗೆ ಎರಡನ್ನೂ ಹೊಂದಿಸೋಕೆ ಆಗಲ್ಲ. ಅಮ್ಮ ಕಾಫಿ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳೋದು. ಆಮೇಲೆ ಒಂದು ಕಣ್ಣು ಮುಚ್ಚಿಕೊಂಡೇ ಬಗ್ಗಿಸುತ್ತಿದ್ದರು.

ಯಾವ ಲೆನ್ಸ್ ಅನ್ನೋದು ಆಮೇಲಿನ ಮಾತು. ಮೊದಲು ಕಣ್ಣೊಳಗೆ ಏನು ಉಳಿದಿದೆ ಅಂತ ಕೇಳಿ. ಚೀಲದ ಹಿಂಭಾಗ ಹರಿದಿದ್ದರೂ ಮುಂದಿನ ಅಂಚು ಗಟ್ಟಿಯಾಗಿದ್ದರೆ ಅದರ ಮೇಲೇ ಲೆನ್ಸ್ ಕೂರಿಸಬಹುದು. ಅಮ್ಮನಿಗೆ ಹಾಗೇ ಮಾಡಿದ್ದು. ಅದಕ್ಕೆ ತೆಳು ಕಾಲುಗಳಿರುವ ಮೂರು ತುಂಡಿನ ಲೆನ್ಸ್ ಬೇಕು. ಚೀಲದೊಳಗೆ ಹಾಕುವ ಒಂದೇ ತುಂಡಿನ ಲೆನ್ಸ್ ಅಲ್ಲಿಗೆ ಆಗಲ್ಲ. ಅದರ ದಪ್ಪ ಕಾಲು ಐರಿಸ್ ಹಿಂಭಾಗಕ್ಕೆ, ಅಂದರೆ ಪಾಪೆ ಸುತ್ತಲಿನ ಬಣ್ಣದ ಪರದೆಗೆ, ಉಜ್ಜುತ್ತೆ. ಅಂಚೂ ಇಲ್ಲದಿದ್ದರೆ ಎರಡು ದಾರಿ. ಐರಿಸ್ಸಿಗೇ ಚಿಮಟದ ಹಾಗೆ ಕಚ್ಚಿಕೊಳ್ಳುವ ಲೆನ್ಸ್ ಒಂದು, ಕಣ್ಣಿನ ಬಿಳಿ ಗೋಡೆಗೆ ಕಾಲು ಸಿಕ್ಕಿಸುವುದು ಇನ್ನೊಂದು. 'ವಿದೇಶಿ ಲೆನ್ಸು, ಪ್ರೀಮಿಯಂ ಲೆನ್ಸು' ಅಂತ ಯಾರಾದರೂ ಶುರು ಮಾಡಿದರೆ ಸುಮ್ನೆ ಕೇಳಿಸಿಕೊಳ್ಳಿ. ಇಂಥ ಕಣ್ಣಲ್ಲಿ ಬ್ರಾಂಡಿಗಿಂತ ಅದು ಎಲ್ಲಿ ನಿಲ್ಲುತ್ತೆ ಅನ್ನೋದೇ ಮುಖ್ಯ.

ಚಳ್ಳಕೆರೆಯಿಂದ:
ನನ್ನದು ಪೆಟ್ಟು ಬಿದ್ದ ಕಣ್ಣು. ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದಿತ್ತು. ಲೆನ್ಸ್ ಜಾರಿ ತೆಗೆಯಬೇಕಾಯಿತು. ಬಹಳ ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದೆ. ಅದರಲ್ಲಿ ಅಳತೆಯ ವ್ಯತ್ಯಾಸ ಕಡಿಮೆ, ಎರಡು ಕಾಣೋದು ನಿಂತಿತು. ಆದರೆ ನಮ್ಮೂರಿನ ಬೇಸಿಗೆ ಧೂಳು ಗೊತ್ತಲ್ಲ, ಕಣ್ಣು ಯಾವಾಗಲೂ ಕೆಂಪು. 67 ವರ್ಷದವರು ದಿನಾ ಹಾಕಿ ತೆಗೆದು ಮಾಡೋದು ಕಷ್ಟ ಅಣ್ಣಾ.

ಕೊನೆಗೆ ಅಂಟು ಹಾಕಿ ಕೂರಿಸುವ ಆಪರೇಷನ್ ಆಯಿತು. ಚೆನ್ನೈನ ಡಾ. ಅಮರ್ ಅಗರ್ವಾಲ್ 2007ರಲ್ಲಿ ಶುರು ಮಾಡಿದ ವಿಧಾನ ಅದು. ಬಿಳಿ ಗುಡ್ಡೆಯಲ್ಲಿ ಎರಡು ಕಡೆ ಸಣ್ಣ ಪದರ ಎತ್ತಿ, ಲೆನ್ಸಿನ ಕಾಲನ್ನು ಅದರಡಿ ತೂರಿಸಿ, ಫೈಬ್ರಿನ್ ಅನ್ನೋ ರಕ್ತದ ಪ್ರೋಟೀನಿನ ಅಂಟಿನಿಂದ ಮುಚ್ಚುತ್ತಾರೆ. ದೂರದ್ದು ಚೆನ್ನಾಗಿದೆ, ಓದೋಕೆ ಕನ್ನಡಕ ಬೇಕೇ ಬೇಕು. ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆ ಸುರಿದ ಹಾಗೆ, ಪರದೆ ಇಳಿದ ಹಾಗೆ ಕಂಡರೆ ಅವತ್ತೇ ಬನ್ನಿ ಅಂದಿದ್ದಾರೆ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ, ಕಳಚೋ ಅಪಾಯ ಇಂಥ ಕಣ್ಣಿಗೆ ಜಾಸ್ತಿ.

ಜಗಳೂರಿನಿಂದ:
ನಮ್ಮಜ್ಜಿಗೆ ಹಿಂದೆ ಕ್ಯಾಂಪಲ್ಲಿ ಎರಡೂ ಕಣ್ಣಿನ ಲೆನ್ಸ್ ತೆಗೆದಿದ್ದರು. ಸೋಡಾಗ್ಲಾಸ್ ಕನ್ನಡಕದಲ್ಲೇ ಕೊನೆವರೆಗೂ ಅಕ್ಕಿ ಆರಿಸಿದರು. ಎರಡೂ ಕಣ್ಣು ಒಂದೇ ಥರ ಇದ್ದಿದ್ದಕ್ಕೆ ನಡೆಯಿತು. ಬಾಗಿಲ ಅಂಚಿಗೆ ಮಾತ್ರ ಭುಜ ತಾಗಿಸಿಕೊಳ್ಳುತ್ತಿದ್ದರು.

ಹರಿಹರದಿಂದ (ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಿ):
ಅವ್ವನಿಗೆ ಹೇಳಿ, ಪ್ಲಾಸ್ಟಿಕ್ಕಿನಿಂದ ಕೀವಾಗಲ್ಲ. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ವಿಮಾನದ ಪ್ಲಾಸ್ಟಿಕ್ ಚೂರು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ನೋಡಿಯೇ ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಲೆನ್ಸ್ ಹಾಕಿದ್ದು. ಸೋಂಕಿನ ಭಯ ಬೇರೆ, ಅದು ಯಾವ ಆಪರೇಷನ್‌ಗೂ ಇದ್ದದ್ದೇ.

ಲೆನ್ಸಿನ ಮೊದಲು ಪರೀಕ್ಷೆಗಳಾಗಲಿ. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಒಳಪದರದ ಜೀವಕೋಶ ಎಣಿಸಬೇಕು. ಅವು ಮತ್ತೆ ಹುಟ್ಟಲ್ಲ, ಪ್ರತಿ ಆಪರೇಷನ್‌ನಲ್ಲೂ ಕಡಿಮೆಯಾಗುತ್ತವೆ. ರೆಟಿನಾದಲ್ಲಿ ಊತ ಇದೆಯಾ, ಕಣ್ಣಿನ ಒತ್ತಡ ಎಷ್ಟು ನೋಡಬೇಕು. ಹಳೇ ಡಿಸ್ಚಾರ್ಜ್ ಸಮ್ಮರಿ ಇದೆಯಾ?

ಹೊಳಲ್ಕೆರೆಯಿಂದ:
ಇದೆ ಸರ್. 'ಪಿ.ಸಿ. ರೆಂಟ್, ಆಂಟೀರಿಯರ್ ವಿಟ್ರೆಕ್ಟಮಿ' ಅಂತ ಬರೆದಿದ್ದಾರೆ.

ಹರಿಹರದಿಂದ:
ಚೀಲದ ಹಿಂದಿನ ಪದರ ಹರಿದು, ಕಣ್ಣೊಳಗಿಂದ ಮುಂದೆ ಬಂದ ಲೋಳೆಯನ್ನು ಕತ್ತರಿಸಿ ತೆಗೆದಿದ್ದಾರೆ. ಮುಂದಿನ ಅಂಚು ಉಳಿದಿರೋ ಸಾಧ್ಯತೆ ಇದೆ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡಿದರೇ ಗೊತ್ತಾಗೋದು. ರೆಟಿನಾ ಡಾಕ್ಟರೂ ಇರುವ ಕಡೆ ತೋರಿಸಿ. ಅವತ್ತು ನೀವೂ ಜೊತೆಗೆ ಹೋಗಿ, ಡ್ರಾಪ್ಸ್ ಹಾಕಿದ ಮೇಲೆ ಅಪ್ಪಾಜಿ ಗಾಡಿ ಓಡಿಸೋದು ಬೇಡ.