ಹಾಸ್ಟೆಲ್ ಹುಡುಗಿಯ ಮೊದಲ ಪ್ರೀತಿ: ಸ್ಕ್ರಿಪ್ಟ್‌ನಲ್ಲಿ ಲವ್ ಯಾಕೆ ಹತ್ತುತ್ತಿಲ್ಲ?

ಕಂಪಾಸ್ ಬಾಕ್ಸ್ (ಪ್ರಶ್ನೆ)
ಫೀಚರ್ ಸಿನಿಮಾಕ್ಕೆ ಬರೆದ ಚಿತ್ರಕಥೆ. 2004ರ ಧಾರವಾಡ, ಲೇಡೀಸ್ ಹಾಸ್ಟೆಲ್, ಸೆಕೆಂಡ್ ಪಿಯುಸಿ ಓದೋ ಮೂವರು ಗೆಳತಿಯರು, ಅವರಲ್ಲಿ ಒಬ್ಬಳಿಗೆ ಮೊದಲ ಪ್ರೀತಿ. 128 ಪುಟ, 5 ಹಾಡು. ಹುಡುಗ 41ನೇ ಪುಟಕ್ಕೆ ಬರ್ತಾನೆ, 46ಕ್ಕೆ ಡ್ಯುಯೆಟ್. ಓದಿದವರೆಲ್ಲ ಹಾಸ್ಟೆಲ್ ಸೀನ್ ಚೆನ್ನಾಗಿದೆ, ಲವ್ ಮಾತ್ರ ಹತ್ತಲ್ಲ ಅಂತಾರೆ. ಎಲ್ಲಿ ಕೈ ಹಾಕಬೇಕು? ಸೆನ್ಸಾರ್‌ನಲ್ಲಿ ತೊಂದರೆ ಬರುತ್ತಾ?

ಕತ್ತರಿ
ಬಂದು ಐದೇ ಪುಟಕ್ಕೆ ಡ್ಯುಯೆಟ್ ಅಂದ್ರೆ ಅವಳಿಗೆ ಇಷ್ಟಪಡೋಕೆ ಟೈಮೇ ಇಲ್ಲ. ಪುಟಕ್ಕೊಂದು ನಿಮಿಷ ಲೆಕ್ಕ ಹಾಕಿ. ಹಾಡನ್ನ ಒಂದೊಂದೇ ಸಾಲಲ್ಲಿ ಬರೆದಿದ್ರೆ ಅದು ಬೇರೆ 20 ನಿಮಿಷ.

ಹುಡುಗನನ್ನ 20-22ನೇ ಪುಟಕ್ಕೆ ತನ್ನಿ, ಡೈಲಾಗ್ ಬೇಡ. ಹಾಡಿಗೆ ಮುಂಚೆ ಮೂರು ಸೀನ್ ಬೇಕು: ಅವಳು ಗಮನಿಸೋದು, ಗೆಳತಿಯರಿಂದ ಮುಚ್ಚಿಡೋದು, ಒಬ್ಬಳ ಕೈಗೆ ಸಿಕ್ಕಿಬೀಳೋದು. ಮೂರನೆಯವಳಿಗೆ ಇಂಟರ್ವಲ್‌ವರೆಗೂ ಗೊತ್ತಾಗಬಾರದು. ಆಗ ಹಾಸ್ಟೆಲ್ ಸೀನ್‌ಗೂ ಕೆಲಸ ಸಿಗುತ್ತೆ, ಈಗಿನ ಹಾಗೆ ಬರೀ ತಮಾಷೆಯಾಗಿ ಉಳಿಯಲ್ಲ.

ಇನ್ನೊಂದು, ಹುಡುಗನಿಗೆ ಸ್ಲೋ ಮೋಷನ್ ಎಂಟ್ರಿ ದಯವಿಟ್ಟು ಬೇಡ. ಅವಳ ಕಣ್ಣಿಗೆ ಬಿದ್ದದ್ದು ಏನು ಅನ್ನೋದು ಬೇಕು: ರಬ್ಬರ್ ಬ್ಯಾಂಡ್ ಸುತ್ತಿದ ಬಸ್ ಪಾಸ್, ಎಡಗೈ ಬೆರಳಿನ ಇಂಕು, ಅಷ್ಟು ಸಾಕು. ಹಾಡು ಮೂರಕ್ಕೆ ಇಳಿಸಿ.

ಹಳೇ ಹ್ಯಾಂಡ್‌ಸೆಟ್
2004 ಅಂದ್ಮೇಲೆ ಫೋನನ್ನ ಯಾಕೆ ಬಿಟ್ರಿ? ಇನ್‌ಕಮಿಂಗ್ ಫ್ರೀ ಆಗಿದ್ದು 2003ರಲ್ಲಿ. ಆಮೇಲೆ ಮಿಸ್ಡ್ ಕಾಲೇ ಒಂದು ಭಾಷೆ ಆಯ್ತು. ರೂಮಿಗೆಲ್ಲ ಸೇರಿ ಒಂದೇ ಹ್ಯಾಂಡ್‌ಸೆಟ್ ಇಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಬೇಕು, ಒಂದು ಮೆಸೇಜ್‌ಗೆ 160 ಅಕ್ಷರ. 'ಎಸ್' ಬೇಕಂದ್ರೆ 7ನ್ನ ನಾಲ್ಕು ಸಲ ಒತ್ತಬೇಕು. ಕೀಪ್ಯಾಡ್ ಟೋನ್ ಆಫ್ ಮಾಡದಿದ್ರೆ ಬೆಡ್‌ಶೀಟ್ ಒಳಗಿನ ಬೀಪ್ ಬೀಪ್ ಪಕ್ಕದ ಮಂಚಕ್ಕೂ ಕೇಳುತ್ತೆ. ಸಿಕ್ಕಿಬೀಳೋ ಸೀನ್ ಅಲ್ಲೇ ಇದೆ ನೋಡಿ.

ಇನ್‌ಬಾಕ್ಸ್ ಬೇಗ ತುಂಬುತ್ತೆ. ಹಳೇದೊಂದನ್ನ ಅಳಿಸದೆ ಹೊಸದು ಒಳಗೆ ಬರಲ್ಲ. ಅವಳು ಯಾವುದನ್ನ ಅಳಿಸ್ತಾಳೆ? ಡೈಲಾಗ್ ಇಲ್ಲದೆ ಎರಡು ನಿಮಿಷ ನಿಲ್ಲುತ್ತೆ.

ಶೂಟ್ ಮಾಡುವಾಗ ಸ್ಕ್ರೀನ್ ಲೈಟ್ ಕೆಲವೇ ಸೆಕೆಂಡಿಗೆ ಆರುತ್ತೆ, ಪ್ರತಿ ಟೇಕ್‌ಗೂ ಮುಂಚೆ ಒಂದು ಕೀ ಒತ್ತಿ. ಆ ಬೆಳಕು ಮುಖಕ್ಕೆ ಸಾಲಲ್ಲ. ಅದೇ ಬಣ್ಣದ ಸಣ್ಣ ಎಲ್‌ಇಡಿ ಒಂದನ್ನ ಫ್ರೇಮಿನ ಹೊರಗೆ, ಫೋನ್ ಇರೋ ದಿಕ್ಕಿನಿಂದಲೇ ಇಡಿ.

ಬಾರಬೇ
ಮೂವರೂ ಬೆಂಗಳೂರು ಕನ್ನಡ ಮಾತಾಡಿದ್ರೆ ಧಾರವಾಡ ಹಾಸ್ಟೆಲ್ ಅಂತ ಯಾರೂ ನಂಬಲ್ಲ. ಒಬ್ಬಳು ಹಾವೇರಿ ಕಡೆಯವಳು, ಒಬ್ಬಳು ಶಿರಸಿ, ಒಬ್ಬಳು ಮಂಡ್ಯ ಅಂತಿಟ್ಟುಕೊಳ್ಳಿ. 'ಬಾರಬೇ', 'ಎಂತ ಮಾರಾಯ್ತಿ', 'ಏನ್ ಕಣೇ' ಮೂರೂ ಒಂದೇ ರೂಮಲ್ಲಿ ಕೇಳಬೇಕು. ವರ್ಷ ಕಳೆದ ಹಾಗೆ ಒಬ್ಬಳ ಮಾತು ಇನ್ನೊಬ್ಬಳಿಗೆ ಅಂಟುತ್ತೆ, ಆದ್ರೆ ಮನೆಗೆ ಫೋನ್ ಮಾಡಿದಾಗ ತಟ್ಟನೆ ಊರಿನ ಮಾತಿಗೆ ವಾಪಸ್. ಡಬ್ಬಿಂಗ್ ಆದ್ರೆ ಅದೇ ಕಲಾವಿದೆಯ ದನಿ ಇರಲಿ, ಬೇರೆಯವರು ಮಾಡಿದ್ರೆ ಇದೆಲ್ಲ ಸಪಾಟಾಗುತ್ತೆ.

ರೀಲ್ ಡಬ್ಬ
ಪಿಯುಸಿ ಬೇಡವೇ ಬೇಡ. ಆ ವಯಸ್ಸಿನ ಹುಡುಗಿ ಸಾಮಾನ್ಯವಾಗಿ 18ರ ಒಳಗೇ ಇರ್ತಾಳೆ, ಈಗಿನ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ) ಕಾನೂನಿನಲ್ಲಿ ಅವಳ ಒಪ್ಪಿಗೆಗೆ ಬೆಲೆಯಿಲ್ಲ. ಒಂದು ಅಪ್ಪುಗೆಯ ಶಾಟ್‌ಗೂ ಪ್ರಶ್ನೆ ಏಳಬಹುದು. ಬಿಎಸ್ಸಿ ಎರಡನೇ ವರ್ಷ ಮಾಡಿ, ತಲೆನೋವು ಹೋಗುತ್ತೆ. 2024ರ ನಿಯಮದ ಪ್ರಕಾರ ಯುಎ ಸರ್ಟಿಫಿಕೇಟ್ (ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದು ಅನ್ನೋದು) ಈಗ 7+, 13+, 16+ ಅಂತ ಮೂರು ಭಾಗ. ಟ್ರೈಲರ್ ಕಟ್ ಮಾಡುವಾಗಲೇ ಯಾವುದು ಬೇಕು ಅಂತ ತಲೆಯಲ್ಲಿರಲಿ.

ಹುಡುಗನ ಕೈಲಿ ಸಿಗರೇಟ್ ಇದ್ರೆ ತೆಗೀರಿ. ಒಂದೇ ಶಾಟ್‌ಗೋಸ್ಕರ ಸಿನಿಮಾ ಶುರುವಿನಲ್ಲೂ ಮಧ್ಯದಲ್ಲೂ ತಂಬಾಕು ವಿರೋಧಿ ಜಾಹೀರಾತು ಹಾಕಬೇಕು, ಆ ಶಾಟ್ ಕೆಳಗೆ ಎಚ್ಚರಿಕೆ ಬರಹ ಬೇರೆ. ಹಾಸ್ಟೆಲ್ ನಾಯಿಯ ಸೀನ್ ಇದ್ರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮುಂಚೆಯೇ ತಗೊಳ್ಳಿ.

ಕಂಪಾಸ್ ಬಾಕ್ಸ್
ಬಿಎಸ್ಸಿ ಆದ್ರೆ ಲ್ಯಾಬ್ ಸೀನ್ ಕೂಡ ಹಾಗೇ ಉಳಿಯುತ್ತೆ. ಮೆಸೇಜ್ ಅಳಿಸೋ ಸೀನ್ ಇಂಟರ್ವಲ್‌ಗೆ ಮುಂಚೆನಾ, ಆಮೇಲಾ?

ಕತ್ತರಿ
ಮುಂಚೆ. ಅವನದನ್ನ ಅಳಿಸೋದು ಬೇಡ. ಫೀಸಿಗೆ ಅಂತ ಅಣ್ಣ ಕಳಿಸಿದ್ದ ಡಿಡಿ (ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್) ನಂಬರ್ ಇರೋ ಮೆಸೇಜ್ ಅಳಿಸಲಿ. ಇಂಟರ್ವಲ್ ಆದ್ಮೇಲೆ ಆ ನಂಬರ್ ಕೇಳಿಕೊಂಡು ಅಣ್ಣನ ಫೋನ್ ಬರಲಿ, ಎತ್ತೋಳು ಇನ್ನೂ ಏನೂ ಗೊತ್ತಿಲ್ಲದ ಮೂರನೆಯವಳು.