ಅಪ್‌ಡೇಟ್: ಘಾಟಿಯಲ್ಲಿ ಎಳೆಯದ ಹಳೇ ಎಂಪಿಎಫ್‌ಐ ಕಾರು ಸರಿಯಾಯ್ತು

ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಾಟಿಯಲ್ಲಿ ಜರ್ಕ್ ಹೊಡೆದು ಪಿಕಪ್ಪೇ ಬಿಡುತ್ತಿದ್ದ ನನ್ನ 2005ರ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನಿನ) ಕಾರಿನ ಬಗ್ಗೆ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ, ಅದರ ಕಥೆ ಮುಗಿಯಿತು. ಪ್ಲಗ್, ಪೆಟ್ರೋಲ್ ಫಿಲ್ಟರ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಕವಾಟದ ಭಾಗ) ತೊಳೆದಿದ್ದಕ್ಕೆ ಐಡ್ಲಿಂಗ್ ನೆಟ್ಟಗಾಯ್ತು, ಅಷ್ಟೇ.

ಕೆಲಸಕ್ಕೆ ಬಂದಿದ್ದು ‘ಪೆಟ್ರೋಲ್ ಪಂಪಿನ ಅರ್ಥಿಂಗ್ (ಬ್ಯಾಟರಿ ಮೈನಸ್ಸಿಗೆ ಹಿಂದಿರುಗುವ ಜೋಡಣೆ) ನೋಡಿ’ ಎಂದು ಉತ್ತರಿಸಿದವರ ಮಾತು. ಐಡ್ಲಿಂಗಲ್ಲಿ ಪೆಟ್ರೋಲಿನ ಒತ್ತಡ ಅಳೆಯುವ ಗೇಜ್ 3 ಬಾರ್ ತೋರಿಸುತ್ತಿತ್ತು, ಲೋಡ್ ಬಿದ್ದರೆ 2ರ ಹತ್ತಿರ. ಪಂಪೇ ಹೋಗಿದೆ ಅನ್ನುವುದು ಗ್ಯಾರೇಜಿನ ತೀರ್ಮಾನ. ಆದರೆ ಎಂಜಿನ್ ಓಡುತ್ತಿರುವಾಗ ಪಂಪಿನ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಅಳೆದರೆ 2.5 ವೋಲ್ಟ್! 0.2 ದಾಟಿದರೇ ಅನುಮಾನ ಪಡಬೇಕು. ಹಿಂದಿನ ಸೀಟಿನಡಿಯ ಬೋಲ್ಟ್ ಬಿಚ್ಚಿದರೆ ರಿಂಗ್ ಟರ್ಮಿನಲ್ ತುಂಬ ಹಸಿರು ಕಿಲುಬು, ತಗಡಿಗೆ ತುಕ್ಕು. ನಮ್ಮ ಕರಾವಳಿಯ ಉಪ್ಪು ಗಾಳಿಯ ಪ್ರಸಾದ. ಬ್ಯಾಟರಿ ಮೈನಸ್ ಕಳಚಿ, ಬಾಗಿಲೆಲ್ಲ ತೆರೆದಿಟ್ಟು, ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜುಕಾಗದ ಹಾಕಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ ಬಿಗಿದು, ಮೇಲೆ ಗ್ರೀಸ್ ಸವರಿದ ನಂತರ ಅಳೆದರೆ 0.1 ವೋಲ್ಟ್.

ಮಜಾ ಏನೆಂದರೆ, ಕಾರು ಆಫ್ ಇದ್ದಾಗ ಇದೇ ಜಾಯಿಂಟ್ ಮೀಟರಿನಲ್ಲಿ ಬರೀ ಅರ್ಧ ಓಮ್. ಬೀಪ್ ಕೂಡ ಬರುತ್ತದೆ, ‘ಸರಿಯಿದೆ’ ಅಂದುಕೊಂಡು ಬಿಡುತ್ತೇವೆ. ಪಂಪ್ 5 ಆಂಪಿಯರ್ ಎಳೆದಾಗ ಅದೇ ಅರ್ಧ ಓಮ್ ಎರಡೂವರೆ ವೋಲ್ಟ್ ನುಂಗುತ್ತದೆ, ಪಂಪಿಗೆ ಅಷ್ಟು ವೋಲ್ಟ್ ಕಡಿಮೆ ಸಿಗುತ್ತದೆ. ಹೊಸ ಪಂಪಿಗೆ ದುಡ್ಡು ಹಾಕುವ ಮುಂಚೆ ಓಡುವ ಎಂಜಿನ್ನಿನಲ್ಲೇ ಅಳೆದು ನೋಡಿ.