ರಾತ್ರಿಯ ಬಿಲ್ಲಿಗೆ ನಿನ್ನೆಯ ದಿನಾಂಕ: ಸ್ವಯಂಚಾಲಿತ ವಹಿವಾಟಿನಲ್ಲಿ ಕಾಲವಲಯದ ಅನುಭವ ಹಂಚಿಕೆ

ಪ್ರಶ್ನೆ (ಬಳ್ಳಾರಿ)

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ದೇಶದೊಳಗಿನ ವರ್ತಕರಿಗೂ ಅಮೆರಿಕ ಮತ್ತು ಬ್ರಿಟನ್ನಿನ ಕೆಲವು ಖರೀದಿದಾರರಿಗೂ ಕಳುಹಿಸುವ ಘಟಕವೊಂದರ ಕಚೇರಿ ಕೆಲಸ ನನ್ನದು. ಇಮೇಲ್‌ನಲ್ಲಿ ಬಂದ ಆದೇಶ ಗೂಗಲ್ ಶೀಟ್‌ಗೆ ಸೇರಿ, ಅಲ್ಲಿಂದ ಬಿಲ್ಲಾಗಿ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿಗೆ ಹೋಗಿ, ಬಾಕಿ ಹಣದ ಜ್ಞಾಪನಾ ಪತ್ರ ತಾನಾಗಿಯೇ ಹೊರಡುವಂತೆ ವ್ಯವಸ್ಥೆ ಮಾಡಿಸಿದ್ದೇವೆ. ಆದರೆ ಮಧ್ಯರಾತ್ರಿಯ ನಂತರ ಬಂದ ಆದೇಶಗಳ ಬಿಲ್ಲಿನಲ್ಲಿ ಹಿಂದಿನ ದಿನದ ದಿನಾಂಕ ಬೀಳುತ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕಾದ ಜ್ಞಾಪನಾ ಪತ್ರ ಮಧ್ಯಾಹ್ನ ಎರಡೂವರೆಗೆ ಹೋಗುತ್ತಿದೆ. ಮಾರ್ಚ್ ಬಂತೆಂದರೆ ಖರೀದಿದಾರರೊಡನೆ ಗೊತ್ತುಪಡಿಸಿದ ಮಾತುಕತೆಯ ಸಮಯ ಒಂದು ಗಂಟೆ ಆಚೀಚೆಯಾಗುತ್ತದೆ. ಎಲ್ಲ ಕಡೆಯೂ ಐದೂವರೆ ಗಂಟೆ ಕೂಡಿಸಿಬಿಡಿ ಎಂದು ಒಬ್ಬರು ಹೇಳಿದ್ದಾರೆ. ಹಾಗೆ ಮಾಡಬಹುದೇ? ಇಂಥ ವ್ಯವಸ್ಥೆಗಳನ್ನು ನಡೆಸಿದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ರಾಯಚೂರಿನಿಂದ, ಹತ್ತಿ ಮತ್ತು ಭತ್ತದ ವರ್ತಕರ ಸಾಫ್ಟ್‌ವೇರ್ ನೋಡಿಕೊಳ್ಳುವವರು

ದಯವಿಟ್ಟು ಆ ದಾರಿ ಹಿಡಿಯಬೇಡಿ. ಐದೂವರೆ ಗಂಟೆ ಕೂಡಿಸುವ ಪದ್ಧತಿ ಇರುವ ಹಲವು ವ್ಯವಸ್ಥೆಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಒಂದು ಹಂತದಲ್ಲಿ ಒಬ್ಬರು ಕೂಡಿಸಿರುತ್ತಾರೆ, ಅದು ಗೊತ್ತಿಲ್ಲದ ಇನ್ನೊಬ್ಬರು ಮುಂದಿನ ಹಂತದಲ್ಲಿ ಮತ್ತೆ ಕೂಡಿಸುತ್ತಾರೆ, ಕೊನೆಗೆ ಸಂಜೆ ಏಳರ ವಹಿವಾಟು ಮರುದಿನದ ಲೆಕ್ಕಕ್ಕೆ ಹೋಗಿರುತ್ತದೆ.

ಮೊದಲು ನಿಮ್ಮ ದತ್ತಾಂಶವನ್ನು ತೆರೆದು 18:30 ಎಂಬ ಸಮಯ ಎಲ್ಲೆಲ್ಲಿದೆ ಎಂದು ಹುಡುಕಿ. ಭಾರತದ ಕಾಲಮಾನ ಯುಟಿಸಿಗಿಂತ, ಅಂದರೆ ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಕಾಲಮಾನಕ್ಕಿಂತ, ಐದೂವರೆ ಗಂಟೆ ಮುಂದಿರುವುದರಿಂದ ನಮ್ಮ ಮಧ್ಯರಾತ್ರಿಯು ಯುಟಿಸಿಯಲ್ಲಿ ಹಿಂದಿನ ದಿನದ 18:30 ಆಗಿರುತ್ತದೆ. ಹೀಗಾಗಿ ಸಾಲುಸಾಲಾಗಿ 18:30 ಕಂಡರೆ, ಬರಿಯ ದಿನಾಂಕವಾಗಿ ಉಳಿಯಬೇಕಾಗಿದ್ದ ಸಂಗತಿಯನ್ನು ಯಾವುದೋ ಹಂತ ಮಧ್ಯರಾತ್ರಿಯ ಸಮಯವೆಂದು ತಿಳಿದು ಯುಟಿಸಿಗೆ ಪರಿವರ್ತಿಸಿದೆ ಎಂದು ಅರ್ಥ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಬಹಳ ಸುಲಭವಾಗಿ ಆಗುತ್ತದೆ. ಭಾರತದ ಕಾಲಮಾನವಿರುವ ಯಂತ್ರದಲ್ಲಿ 2026ರ ಏಪ್ರಿಲ್ 1ನ್ನು ಸ್ಥಳೀಯ ದಿನಾಂಕವಾಗಿ ರಚಿಸಿ, ಸಮಯವನ್ನು ಯುಟಿಸಿಯಲ್ಲಿ ಬರೆಯುವ ಟು-ಐಎಸ್ಒ-ಸ್ಟ್ರಿಂಗ್ ಎಂಬ ಆಜ್ಞೆಯ ಮೂಲಕ ಬರಹಕ್ಕೆ ಇಳಿಸಿದರೆ 2026-03-31, 18:30 ಎಂದು ಹೊರಬರುತ್ತದೆ. ಅದರ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ ಬಿಲ್ಲಿಗೆ ಹಾಕಿದರೆ ಬಿಲ್ಲು ಹಿಂದಿನ ಹಣಕಾಸು ವರ್ಷಕ್ಕೆ ಸೇರುತ್ತದೆ. ನ್ಯೂಯಾರ್ಕಿನಲ್ಲಿ ಕುಳಿತು ಇದೇ ಕೋಡ್ ಬರೆದವರಿಗೆ ಈ ದೋಷ ಕಾಣಿಸುವುದೇ ಇಲ್ಲ, ಏಕೆಂದರೆ ಅಲ್ಲಿಯ ಮಧ್ಯರಾತ್ರಿ ಯುಟಿಸಿಯಲ್ಲಿ ಅದೇ ದಿನದ ಬೆಳಗಿನ ಜಾವ ನಾಲ್ಕು ಅಥವಾ ಐದು ಗಂಟೆ. ಅಲ್ಲಿಯವರು ಬರೆದ ಮಾದರಿಯನ್ನು ಹಾಗೆಯೇ ತಂದು ಇಲ್ಲಿ ಬಳಸಿದಾಗ ಮಾತ್ರ ದಿನ ಹಿಂದಕ್ಕೆ ಸರಿಯುತ್ತದೆ.

ಆದ್ದರಿಂದ ನಿಮ್ಮ ವ್ಯವಸ್ಥೆಯಲ್ಲಿರುವ ಪ್ರತಿಯೊಂದು ದಿನಾಂಕದ ಕಾಲಮ್ಮನ್ನೂ ಎದುರಿಗಿಟ್ಟುಕೊಂಡು, ಇದು ಒಂದು ಘಟನೆ ನಡೆದ ಕ್ಷಣವೋ ಅಥವಾ ವ್ಯವಹಾರದ ದಿನವೋ ಎಂದು ಕೇಳಿಕೊಳ್ಳಿ. ಇಮೇಲ್ ಬಂದದ್ದು, ಹಣ ಜಮೆಯಾದದ್ದು, ಲಾರಿ ಗೇಟು ದಾಟಿದ್ದು ಇವು ಕ್ಷಣಗಳು. ಬಿಲ್ಲಿನ ದಿನಾಂಕ, ಪಾವತಿಯ ವಾಯಿದೆ, ಎಲ್‌ಸಿಯ (ಬ್ಯಾಂಕ್ ಕೊಡುವ ಪಾವತಿ ಖಾತರಿ ಪತ್ರದ) ಮುಕ್ತಾಯದ ದಿನ, ನೌಕರರ ಜನ್ಮದಿನ ಇವು ದಿನಗಳು. ಕ್ಷಣವನ್ನು ಯುಟಿಸಿಯಲ್ಲಿ ಇಟ್ಟುಕೊಂಡು, ಜನರಿಗೆ ತೋರಿಸುವಾಗ ಮಾತ್ರ ‘ಏಷ್ಯಾ/ಕೋಲ್ಕತಾ’ ಎಂಬ ವಲಯದ ಹೆಸರು ಕೊಟ್ಟು ಪರಿವರ್ತಿಸಬೇಕು. ದಿನವನ್ನು ಗಂಟೆ-ನಿಮಿಷಗಳಿಲ್ಲದ ‘ಡೇಟ್’ ಪ್ರಕಾರದಲ್ಲಿಯೇ ಇಡಬೇಕು ಮತ್ತು ಅದನ್ನು ಯಾವ ಕಾರಣಕ್ಕೂ ಪರಿವರ್ತಿಸಬಾರದು. ಕ್ಷಣದಿಂದ ದಿನವನ್ನು ತೆಗೆಯುವ ಕೆಲಸ, ಅಂದರೆ ಆದೇಶ ಬಂದ ಕ್ಷಣದಿಂದ ಬಿಲ್ಲಿನ ದಿನಾಂಕವನ್ನು ನಿರ್ಧರಿಸುವ ಕೆಲಸ, ಇಡೀ ವ್ಯವಸ್ಥೆಯಲ್ಲಿ ಒಂದೇ ಕಡೆ ನಡೆಯಬೇಕು. ಅದರ ಮುಂದಿನ ಹಂತಗಳೆಲ್ಲ ಆ ದಿನವನ್ನು ಬಂದಂತೆಯೇ ಸ್ವೀಕರಿಸಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಷ್ಟೇ.

ಗಂಗಾವತಿಯಿಂದ, ಅಕ್ಕಿ ಗಿರಣಿಯ ಕಚೇರಿಯವರು

ಎರಡೂವರೆಯ ತೊಂದರೆಗೆ ಕಾರಣ ಸರಳವಾಗಿದೆ. ನಿಮ್ಮ ವೇಳಾಪಟ್ಟಿ ಯುಟಿಸಿಯಲ್ಲಿ ನಡೆಯುವ ಸರ್ವರಿನಲ್ಲಿದೆ. ಅಲ್ಲಿಯ ಒಂಬತ್ತು ಗಂಟೆ ನಮಗೆ 2:30. ಕೆಲಸಗಳನ್ನು ಗೊತ್ತಾದ ಸಮಯಕ್ಕೆ ಓಡಿಸುವ ಕ್ರಾನ್‌ನಲ್ಲಿ ಬರೆಯುವುದಾದರೆ ನಮ್ಮ ಒಂಬತ್ತಕ್ಕೆ 3:30 ಎಂದು ಕೊಡಬೇಕು. ಆದರೆ ವಾರದ ದಿನ ಮತ್ತು ತಿಂಗಳ ತಾರೀಖುಗಳೂ ಇದರ ಜೊತೆಗೆ ಸರಿಯುತ್ತವೆ ಎಂಬುದನ್ನು ನೆನಪಿಡಿ. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ನಡೆಯಬೇಕಾದ ಕೆಲಸ ಯುಟಿಸಿಯಲ್ಲಿ ಭಾನುವಾರದ್ದು. ತಿಂಗಳ ಒಂದನೆಯ ತಾರೀಖು ರಾತ್ರಿ ಒಂದು ಗಂಟೆಯ ಕೆಲಸ ಅಲ್ಲಿ ಹಿಂದಿನ ತಿಂಗಳ ಕೊನೆಯ ದಿನದ್ದು, ಆ ಕೊನೆಯ ದಿನ 28 ಇರಬಹುದು, 31 ಇರಬಹುದು. ಸಾಧ್ಯವಿದ್ದರೆ ಮಾಸಿಕ ಕೆಲಸಗಳನ್ನು ಬೆಳಿಗ್ಗೆ ಆರರ ನಂತರ ಇಟ್ಟುಕೊಳ್ಳಿ, ಆಗ ಎರಡೂ ಕಡೆ ಒಂದೇ ತಾರೀಖು ಇರುತ್ತದೆ.

ಕಾಲವಲಯದ ಸೆಟ್ಟಿಂಗ್ ಒಂದೇ ಕಡೆ ಇರುವುದಿಲ್ಲ. ಗೂಗಲ್ ಶೀಟ್‌ಗೆ ತನ್ನದೇ ಕಾಲವಲಯವಿದೆ, ಅದಕ್ಕೆ ಅಂಟಿಕೊಂಡಿರುವ ಆ್ಯಪ್ಸ್ ಸ್ಕ್ರಿಪ್ಟಿಗೆ ಬೇರೆಯೇ ಇದೆ. ಎರಡೂ ಹೊಂದದಿದ್ದರೆ ಕೋಶದಲ್ಲಿ ಕಾಣುವ ದಿನ ಮತ್ತು ಸ್ಕ್ರಿಪ್ಟ್ ಓದುವ ದಿನ ಬೇರೆಯಾಗುತ್ತವೆ. ಎನ್ಏಟ್ಎನ್ ಎಂಬ ಸ್ವಯಂಚಾಲನೆಯ ಸಾಫ್ಟ್‌ವೇರನ್ನು ಸ್ವಂತ ಸರ್ವರಿನಲ್ಲಿ ಹಾಕಿಕೊಂಡವರು ಅದರ ಪೂರ್ವನಿಗದಿತ ವಲಯ ನ್ಯೂಯಾರ್ಕ್ ಎಂಬುದನ್ನು ಗಮನಿಸಬೇಕು. ಬದಲಿಸದಿದ್ದರೆ ಬೆಳಗಿನ ಒಂಬತ್ತರ ಕೆಲಸ ಬೇಸಿಗೆಯಲ್ಲಿ ಸಂಜೆ 6:30ಕ್ಕೂ ಚಳಿಗಾಲದಲ್ಲಿ 7:30ಕ್ಕೂ ನಡೆಯುತ್ತದೆ. ಮೈಕ್ರೋಸಾಫ್ಟ್‌ನ ಇಂಥದೇ ಸಾಫ್ಟ್‌ವೇರ್ ಆದ ಪವರ್ ಆಟೊಮೇಟ್‌ನಲ್ಲಿ ನಮ್ಮ ವಲಯದ ಹೆಸರು ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ ಎಂದಿರುತ್ತದೆ.

ಕೊಪ್ಪಳದಿಂದ, ಸ್ಪಾಂಜ್ ಐರನ್ ಘಟಕದ ಮಾಹಿತಿ ವಿಭಾಗದವರು

ಮಧ್ಯರಾತ್ರಿಗೇ ದಿನ ಬದಲಾಗಬೇಕೆಂದು ಇಲ್ಲಿ ಎಲ್ಲರೂ ಒಪ್ಪಿಕೊಂಡಂತಿದೆ. ನಮ್ಮ ಅನುಭವ ಬೇರೆ. ಕುಲುಮೆ ಹಗಲೂ ರಾತ್ರಿ ನಡೆಯುವ ಕಡೆ ಎ ಪಾಳಿ ಬೆಳಿಗ್ಗೆ ಆರರಿಂದ ಎರಡು, ಬಿ ಪಾಳಿ ಎರಡರಿಂದ ರಾತ್ರಿ ಹತ್ತು, ಸಿ ಪಾಳಿ ಹತ್ತರಿಂದ ಮರುದಿನ ಬೆಳಿಗ್ಗೆ ಆರು. ಉತ್ಪಾದನೆಯ ದಿನ ಆರರಿಂದ ಆರಕ್ಕೆ. ಪಂಚಾಂಗದಲ್ಲಿ ವಾರ ಸೂರ್ಯೋದಯದಿಂದ ಆರಂಭವಾಗುವಂತೆಯೇ ಇದು. ನಮ್ಮ ಕಾರ್ಮಿಕರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ, ಗೊಂದಲವಿರುವುದು ಸಾಫ್ಟ್‌ವೇರಿಗೆ ಮಾತ್ರ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ದಿನವೆಂದರೆ ಮಧ್ಯರಾತ್ರಿಯಿಂದ ಇಪ್ಪತ್ನಾಲ್ಕು ಗಂಟೆ ಎಂದಿದ್ದರೂ, 57ನೇ ಕಲಮಿನಲ್ಲಿ ಮಧ್ಯರಾತ್ರಿ ದಾಟುವ ಪಾಳಿಯವರು ಹನ್ನೆರಡರ ನಂತರ ದುಡಿದ ಗಂಟೆಗಳನ್ನು ಹಿಂದಿನ ದಿನಕ್ಕೇ ಎಣಿಸಬೇಕೆಂದು ಪ್ರತ್ಯೇಕವಾಗಿ ಬರೆಯಲಾಗಿತ್ತು. ಹಾಜರಿ ಮತ್ತು ಓವರ್‌ಟೈಮ್ ಲೆಕ್ಕ ಇಂದಿಗೂ ಅದೇ ತಿಳಿವಳಿಕೆಯ ಮೇಲೆ ನಿಂತಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಯುಟಿಸಿಯ ದಿನ ನಮ್ಮಲ್ಲಿ ಬೆಳಿಗ್ಗೆ 5:30ಕ್ಕೆ ಬದಲಾಗುತ್ತದೆ, ಪಾಳಿ ಆರಕ್ಕೆ ಬದಲಾಗುತ್ತದೆ. ಈ ಎರಡೂ ಹತ್ತಿರವಿರುವುದರಿಂದ, ಯುಟಿಸಿ ದಿನಾಂಕವನ್ನೇ ನೇರವಾಗಿ ಬಳಸಿದ ವ್ಯವಸ್ಥೆಯೂ ಉತ್ಪಾದನೆಯ ದಿನವನ್ನು ಬಹುತೇಕ ಸರಿಯಾಗಿಯೇ ತೋರಿಸುತ್ತದೆ, ಮತ್ತು ಪರೀಕ್ಷೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ತಪ್ಪಿಹೋಗುವುದು 5:30ರಿಂದ ಆರರವರೆಗಿನ ಅರ್ಧ ಗಂಟೆ. ಪಾಳಿ ಮುಗಿಯುವ ಮುನ್ನ ತೂಕದ ಚೀಟಿಗಳನ್ನೆಲ್ಲ ಒಟ್ಟಿಗೆ ನಮೂದಿಸುವುದು ಸರಿಯಾಗಿ ಆ ಅರ್ಧ ಗಂಟೆಯಲ್ಲಿಯೇ. ಅವೆಲ್ಲ ಎ ಪಾಳಿಯವರ ಹೆಸರಿಗೆ ಹೋಗುತ್ತವೆ, ರಾತ್ರಿಯಿಡೀ ದುಡಿದವರ ಲೆಕ್ಕ ಕಡಿಮೆ ಕಾಣುತ್ತದೆ. ಪಾಳಿಯ ದಿನವನ್ನು ಪ್ರತ್ಯೇಕ ಕಾಲಮ್ಮಾಗಿ ಇಟ್ಟು, ನಮೂದಿಸುವ ಹೊತ್ತಿನಲ್ಲಿಯೇ ತುಂಬಿಸುವುದು ಇದಕ್ಕೆ ಸರಿಯಾದ ಪರಿಹಾರ. ನಿಮ್ಮ ಹೊಲಿಗೆ ಘಟಕದಲ್ಲಿ ರಾತ್ರಿ ಪಾಳಿ ಇದ್ದರೆ ನೀವೂ ಹೀಗೆಯೇ ಮಾಡಿ. ಇದು ಜನರ ಕೂಲಿಯ ವಿಷಯವಾದ್ದರಿಂದ ಮುಂದೂಡಬೇಡಿ.

ಇನ್ನೊಂದು ಮಾತು. ನೆಟ್‌ವರ್ಕ್ ಇಲ್ಲದೆ ನಿಂತುಹೋದ ಕೆಲಸವನ್ನು ಮರುದಿನ ಮತ್ತೆ ಓಡಿಸಿದಾಗ ಅದು ‘ಇವತ್ತು’ ಎಂದು ಮರುದಿನವನ್ನೇ ತೆಗೆದುಕೊಳ್ಳುತ್ತದೆ. ಯಾವ ದಿನಕ್ಕಾಗಿ ಈ ಕೆಲಸ ಎಂಬುದನ್ನು ಹೊರಗಿನಿಂದ ಕೊಡುವಂತೆ ಮಾಡಿಸಿ.

ಬಳ್ಳಾರಿಯಿಂದ, ತೆರಿಗೆ ಸಲಹೆಗಾರರು

ಬಿಲ್ಲಿನ ದಿನಾಂಕ ಒಂದು ದಿನ ಹಿಂದೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಹಗುರವಾಗಿ ನೋಡಬಾರದು. ಏಪ್ರಿಲ್ 1ರ ರಾತ್ರಿ ಎರಡು ಗಂಟೆಯ ಬಿಲ್ಲು ಮಾರ್ಚ್ 31 ಎಂದಾದರೆ ಅದು ಮಾರ್ಚಿನ ಜಿಎಸ್‌ಟಿಆರ್-1ಕ್ಕೆ, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್‌ಗೆ, ಸೇರುತ್ತದೆ, ಮತ್ತು ಹಣಕಾಸು ವರ್ಷಕ್ಕೊಂದು ಕ್ರಮಸಂಖ್ಯೆಯ ಸರಣಿ ಇರಬೇಕಾದ್ದರಿಂದ ಹೊಸ ಸರಣಿಯ ಸಂಖ್ಯೆಯ ಮೇಲೆ ಹಳೆಯ ವರ್ಷದ ದಿನಾಂಕ ಕುಳಿತಿರುತ್ತದೆ. ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಅಥವಾ ಹೆಚ್ಚಿರುವವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದ 30 ದಿನಗಳೊಳಗೆ ಸರ್ಕಾರದ ಇ-ಇನ್‌ವಾಯ್ಸ್ (ವಿದ್ಯುನ್ಮಾನ ಬಿಲ್ಲು) ಪೋರ್ಟಲ್‌ಗೆ ವರದಿ ಮಾಡಬೇಕು. ಅಂಚಿನಲ್ಲಿ ಒಂದು ದಿನ ಹಿಂದೆ ಬಿದ್ದರೂ ಪೋರ್ಟಲ್ ಸ್ವೀಕರಿಸುವುದಿಲ್ಲ.

ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲಿನ ಅವಧಿಯನ್ನು ಇಪ್ಪತ್ನಾಲ್ಕು ಗಂಟೆ ಕೂಡಿಸಿ ಲೆಕ್ಕ ಹಾಕುವ ವ್ಯವಸ್ಥೆಗಳನ್ನು ಕಂಡಿದ್ದೇನೆ, ಅದು ನಿಯಮಕ್ಕೆ ಹೊಂದುವುದಿಲ್ಲ. ಸಾಮಾನ್ಯ ಸರಕಿಗೆ 200 ಕಿಲೋಮೀಟರ್‌ಗೆ ಅಥವಾ ಅದರ ಭಾಗಕ್ಕೆ ಒಂದು ದಿನ. ಮೊದಲ ದಿನ ಮುಗಿಯುವುದು ಬಿಲ್ಲು ಹುಟ್ಟಿದ ದಿನದ ಮರುದಿನದ ಮಧ್ಯರಾತ್ರಿಗೆ. ಮಾರ್ಚ್ 14 ಆರಂಭವಾದ ಕೂಡಲೆ ರಾತ್ರಿ 12:04ಕ್ಕೆ ತೆಗೆದ ಬಿಲ್ಲಿಗೂ ಅದೇ ದಿನ ರಾತ್ರಿ 11:58ಕ್ಕೆ ತೆಗೆದ ಬಿಲ್ಲಿಗೂ ಮೊದಲ ದಿನ ಮುಗಿಯುವುದು 15 ಮುಗಿದು 16 ಆರಂಭವಾಗುವ ಮಧ್ಯರಾತ್ರಿಗೇ. ಆದ್ದರಿಂದ ಹುಟ್ಟಿದ ದಿನ ಯಾವುದು ಎಂಬುದು ಭಾರತೀಯ ಕಾಲಮಾನದಲ್ಲಿ ಖಚಿತವಾಗಿರಬೇಕು. ಅವಧಿ ಮುಗಿಯುವ ಮುನ್ನ ಎಂಟು ಗಂಟೆ ಮತ್ತು ಮುಗಿದ ನಂತರ ಎಂಟು ಗಂಟೆಯೊಳಗೆ ವಿಸ್ತರಣೆಗೆ ಅವಕಾಶವಿದೆ. ಎಚ್ಚರಿಕೆಯ ಸಂದೇಶವನ್ನು ಐದೂವರೆ ಗಂಟೆ ತಡವಾಗಿ ಕಳುಹಿಸುವ ವ್ಯವಸ್ಥೆ ಆ ಅವಕಾಶದ ದೊಡ್ಡ ಪಾಲನ್ನು ತಿಂದುಹಾಕುತ್ತದೆ, ಲಾರಿ ಮಾತ್ರ ದಾರಿಯಲ್ಲಿ ನಿಂತಿರುತ್ತದೆ.

ಬರಹದ ರೂಪದ ಬಗ್ಗೆಯೂ ಎಚ್ಚರವಿರಲಿ. ಇ-ಇನ್‌ವಾಯ್ಸ್ ದಿನ/ತಿಂಗಳು/ವರ್ಷ ಕ್ರಮವನ್ನು ಕೇಳುತ್ತದೆ, ಟ್ಯಾಲಿಯ ಎಕ್ಸ್ಎಂಎಲ್ 20260401 ಎಂಬ ರೂಪವನ್ನು ಬಳಸುತ್ತದೆ, ಅಮೆರಿಕದ ಖರೀದಿದಾರರ ಎಕ್ಸೆಲ್ ಕಡತದಲ್ಲಿ ತಿಂಗಳು ಮೊದಲು ಬರುತ್ತದೆ. 03/04/2026 ಎಂದರೆ ಅವರಿಗೆ ಮಾರ್ಚ್ 4, ನಮ್ಮ ಎಕ್ಸೆಲ್‌ಗೆ ಏಪ್ರಿಲ್ 3. ಆದರೆ 03/25/2026 ನಮ್ಮಲ್ಲಿ ದಿನಾಂಕವೇ ಆಗದೆ ಪಠ್ಯವಾಗಿ ಉಳಿಯುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ಬಲಕ್ಕೂ ಕೆಲವು ಎಡಕ್ಕೂ ಒತ್ತಿಕೊಂಡಿದ್ದರೆ, ಬಲಕ್ಕಿರುವವೇ ಮೌನವಾಗಿ ತಪ್ಪಾಗಿರುವವು. ಒಳಗೆಲ್ಲ 2026-04-01 ಎಂಬ ರೂಪವನ್ನೇ ಇಟ್ಟು, ಹೊರಗೆ ಹೋಗುವ ಬಾಗಿಲಿನಲ್ಲಿ ಮಾತ್ರ ರೂಪ ಬದಲಿಸುವುದು ಕ್ಷೇಮ.

ಸಿಂಧನೂರಿನಿಂದ, ಹೊರದೇಶದ ಗ್ರಾಹಕರ ಸೇವೆಯಲ್ಲಿರುವವರು

ಮಾರ್ಚಿನ ಒಂದು ಗಂಟೆಯ ವಿಷಯ. ನಮ್ಮಲ್ಲಿ ಗಡಿಯಾರವನ್ನು ಮುಂದೆ-ಹಿಂದೆ ಮಾಡುವ ಪದ್ಧತಿ ಇಲ್ಲ, ಅವರಲ್ಲಿ ಇದೆ. 2026ರಲ್ಲಿ ಅಮೆರಿಕ ಮಾರ್ಚ್ 8ರಿಂದ ನವೆಂಬರ್ 1ರವರೆಗೆ, ಬ್ರಿಟನ್ ಮಾರ್ಚ್ 29ರಿಂದ ಅಕ್ಟೋಬರ್ 25ರವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತದೆ. ಹೀಗಾಗಿ ಮಾರ್ಚಿನಲ್ಲಿ ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಇಬ್ಬರ ನಡುವಿನ ಅಂತರವೂ ಬದಲಾಗಿರುತ್ತದೆ. ನ್ಯೂಯಾರ್ಕಿನ ಶುಕ್ರವಾರ ಸಂಜೆ ಐದರ ಗಡುವು ನಮಗೆ ಚಳಿಗಾಲದಲ್ಲಿ ಶನಿವಾರ ಬೆಳಗಿನ ಜಾವ 3:30, ಬೇಸಿಗೆಯಲ್ಲಿ 2:30. ಮುಂದೆ ನಡೆಯಲಿರುವ ಮಾತುಕತೆಯನ್ನು ಯುಟಿಸಿಗೆ ಬದಲಿಸಿ ಇಟ್ಟುಕೊಳ್ಳಬೇಡಿ. ಯಾರ ಊರಿನ ಸಮಯಕ್ಕೆ ಒಪ್ಪಂದವಾಗಿದೆಯೋ ಆ ಊರಿನ ಗಂಟೆಯನ್ನೂ ‘ಅಮೆರಿಕ/ನ್ಯೂಯಾರ್ಕ್’ ಎಂಬಂಥ ವಲಯದ ಹೆಸರನ್ನೂ ಒಟ್ಟಿಗೆ ಇಡಿ. ಸರ್ಕಾರಗಳು ನಿಯಮ ಬದಲಿಸುತ್ತವೆ. ಮೆಕ್ಸಿಕೊ 2022ರಲ್ಲಿ ಬಹುತೇಕ ಪ್ರದೇಶಗಳಲ್ಲಿ ಈ ಪದ್ಧತಿಯನ್ನೇ ಕೈಬಿಟ್ಟಿತು. ಭಾರತೀಯ ಕಾಲಮಾನಕ್ಕೆ ಐಎಸ್‌ಟಿ ಎಂದು ಮೂರಕ್ಷರ ಬರೆಯುವುದನ್ನೂ ನಿಲ್ಲಿಸಿ, ಐರ್ಲೆಂಡ್ ಮತ್ತು ಇಸ್ರೇಲ್‌ಗಳಿಗೂ ಅದೇ ಸಂಕ್ಷೇಪವಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹುಡುಕಿ ನೋಡಿದೆ, ವಾಯಿದೆಯ ಕಾಲಮ್ಮಿನ ತುಂಬ 18:30 ಇದೆ, ನಡುನಡುವೆ 00:00 ಕೂಡ ಇದೆ. ಈಗಾಗಲೇ ಕೆಟ್ಟಿರುವ ಈ ಸಾಲುಗಳನ್ನು ಹೇಗೆ ಸರಿಪಡಿಸಬೇಕು?

ರಾಯಚೂರಿನಿಂದ

ಮೂಲ ಕಾಲಮ್ಮನ್ನು ಮುಟ್ಟಬೇಡಿ. ಪಕ್ಕದಲ್ಲಿ ಹೊಸದೊಂದನ್ನು ತೆರೆಯಿರಿ. 18:30 ಇರುವ ಸಾಲುಗಳನ್ನು ‘ಏಷ್ಯಾ/ಕೋಲ್ಕತಾ’ಕ್ಕೆ ಪರಿವರ್ತಿಸಿ ದಿನವನ್ನು ಮಾತ್ರ ತೆಗೆದುಕೊಳ್ಳಿ. 00:00 ಇರುವ ಸಾಲುಗಳು ಬಹುಶಃ ಬೇರೆ ಹಂತದಿಂದ, ಪರಿವರ್ತನೆಯಾಗದೆ ಬಂದವು, ಅವುಗಳ ದಿನವನ್ನು ಹಾಗೆಯೇ ಇಟ್ಟುಕೊಳ್ಳಿ. ಆದರೂ ಎರಡೂ ಗುಂಪುಗಳಿಂದ ಕೆಲವನ್ನು ಆರಿಸಿ ಕಾಗದದ ಬಿಲ್ಲಿನೊಡನೆ ತಾಳೆ ನೋಡಿ. ರಿಟರ್ನ್ ಸಲ್ಲಿಸಿ ಆಗಿರುವ ತಿಂಗಳುಗಳ ಬಿಲ್ಲುಗಳಿದ್ದರೆ ವ್ಯವಸ್ಥೆಯೊಳಗೆ ಸದ್ದಿಲ್ಲದೆ ತಿದ್ದಬೇಡಿ, ಪಟ್ಟಿ ಮಾಡಿ ನಿಮ್ಮ ತೆರಿಗೆ ಸಲಹೆಗಾರರ ಮುಂದಿಡಿ. ಹೊಸ ವ್ಯವಸ್ಥೆಯನ್ನು ಬಳಕೆಗೆ ಬಿಡುವ ಮೊದಲು ಮಾರ್ಚ್ 31ರ ರಾತ್ರಿ 11:45, ಏಪ್ರಿಲ್ 1ರ ಮಧ್ಯರಾತ್ರಿ ದಾಟಿದ 12:15, ಬೆಳಗಿನ 5:29 ಮತ್ತು 5:31, 2028ರ ಫೆಬ್ರವರಿ 29 ಇಷ್ಟು ಸಮಯಗಳ ಕೃತಕ ಆದೇಶಗಳನ್ನು ಕಳುಹಿಸಿ, ಬಿಲ್ಲು, ಟ್ಯಾಲಿ, ಜ್ಞಾಪನಾ ಪತ್ರ ಮೂರರಲ್ಲೂ ಒಂದೇ ದಿನ ಬರುತ್ತದೆಯೇ ಎಂದು ನೋಡಿ.